ಎರಡಡಿ ನೆರಳು

ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವವರ ಮಾತು ಕೇಳಿ ನೋಡಿ. ನೆಲಕ್ಕೆ ಗ್ರಾನೈಟೋ ಟೈಲ್ಸೋ, ಬಾಗಿಲು ತೇಗದ್ದೋ ಹೊನ್ನೆಯದೋ, ಪೂಜೆ ಕೋಣೆ ಎಷ್ಟಿಂಚು ಈಶಾನ್ಯಕ್ಕೆ ಸರಿಯಬೇಕು, ಎಲ್ಲದಕ್ಕೂ ಗಂಟೆಗಟ್ಟಲೆ ಚರ್ಚೆ. ಈಚೆಗೆ 'ನಮ್ಮದು ಗ್ರೀನ್ ಹೋಮ್' ಅನ್ನುವ ಮಾತೂ ಸೇರಿಕೊಂಡಿದೆ. ಹಾಗಂದರೇನು ಅಂತ ವಿಚಾರಿಸಿದರೆ ತಾರಸಿ ಮೇಲೆ ಸೋಲಾರ್ ಪ್ಯಾನೆಲ್, ಮೆಟ್ಟಿಲಿಗೆ ಸೆನ್ಸರ್ ಲೈಟು, ಬಾಲ್ಕನಿಯಲ್ಲಿ ನಾಲ್ಕು ಮನಿಪ್ಲಾಂಟು. ಕಿಟಕಿಗೆ ಸಜ್ಜಾ ಎಷ್ಟು ಬಿಟ್ಟಿದ್ದೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಸಜ್ಜಾಕ್ಕೆ ಮರ್ಯಾದೆ ಕಮ್ಮಿ, ಅದು ನಿಜ. ಕಿಟಕಿಯ ನೆತ್ತಿ ಮೇಲೆ ಹೊರಗೆ ಚಾಚಿಕೊಂಡಿರುವ ಆ ಸಣ್ಣ ಸ್ಲ್ಯಾಬನ್ನು ಮನೆಯವರು ನೋಡುವುದೇ ಏನಾದರೂ ಕಳೆದಾಗ. ಮಕ್ಕಳ ಶಟಲ್ ಕಾಕು, ಮೇಲಿನ ಮನೆಯವರ ಬಟ್ಟೆ ಕ್ಲಿಪ್ಪು, ಹೋದ ದೀಪಾವಳಿಯ ರಾಕೆಟ್ ಕಡ್ಡಿ, ಒಂದು ಒಂಟಿ ಕಾಲುಚೀಲ. ಪಾರಿವಾಳದ ಸಂಸಾರವಂತೂ ಇದ್ದೇ ಇರುತ್ತದೆ. ಹೊಸ ಮನೆಗಳಲ್ಲಿ ಅದೂ ಇಲ್ಲ. ಮೇಸ್ತ್ರಿಯನ್ನು ಕೇಳಿದರೆ, "ಈಗ ಯಾರು ಸಾರ್ ಸಜ್ಜಾ ಹಾಕಿಸ್ತಾರೆ? ಎಲಿವೇಶನ್ ಕೆಟ್ಟೋಗತ್ತೆ" ಅನ್ನುತ್ತಾರೆ. ಎಲಿವೇಶನ್ ಅಂದರೆ ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಮನೆಯ ಮುಖ. ಒಳಗೆ ಬೇಯುವವರಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಕೆಲವು ಮನೆಗಳಲ್ಲಿ ಸಜ್ಜಾ ಇದೆ, ಆದರೆ ಅದರ ಮೇಲೆ ಎ.ಸಿ.ಯ ಹೊರಗಿನ ಡಬ್ಬ ಕೂತಿದೆ. ಸರಿಯಾಗಿ ಹಾಕಿಸಿದ್ದರೆ ಎ.ಸಿ.ಯೇ ಬೇಡವಾಗುತ್ತಿತ್ತೇನೋ. ಈಗ ಅದಕ್ಕೇ ಸ್ಟ್ಯಾಂಡ್ ಆಗಿ ನಿಂತಿದೆ, ಪಾಪ.

ಈ ಊರಿನ ಸೂರ್ಯನ ದಾರಿ ಗೊತ್ತಿದ್ದರೆ ಸಜ್ಜಾದ ಬೆಲೆ ತಿಳಿಯುತ್ತದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗಲೂ ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಇದ್ದರೆ ಹೆಚ್ಚುಕಮ್ಮಿ ಎರಡೂವರೆ ಅಡಿಗಿಂತ ಕೆಳಗಿನವರೆಗೆ ನೆರಳು ಬೀಳುತ್ತದೆ. ಅದರ ಕೆಳಗೆ ಉಳಿಯುವ ಒಂದು ಪಟ್ಟಿ ಬಿಸಿಲು ಒಳಗೆ ಬರುತ್ತದೆ. ಚಳಿಗಾಲದಲ್ಲಿ ಅಷ್ಟು ಬಿಸಿಲು ಬೇಕು ಕೂಡ. ತಾತ ಪೇಪರ್ ಹಿಡಿದುಕೊಂಡು ಅಲ್ಲೇ ಕುರ್ಚಿ ಎಳೆದುಕೊಳ್ಳುತ್ತಾರೆ. ಬೇಸಿಗೆ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಏರಿ, ಆ ಪಟ್ಟಿಯೂ ಮಾಯ. ಬಟನ್ ಇಲ್ಲ, ರಿಮೋಟ್ ಇಲ್ಲ. ಕ್ಯಾಲೆಂಡರ್ ನೋಡಿಕೊಂಡು ತಾನೇ ಕೆಲಸ ಮಾಡುವ ಯಂತ್ರ ಇದು.

ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶಾಲಾಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು 'ನೆರಳಿಲ್ಲದ ದಿನ' ಅಂತ ನೋಡುವುದು ಆಗಲೇ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ಇರುವುದು ಉತ್ತರದಲ್ಲಿ. ತುಂಬ ಎತ್ತರದಲ್ಲಿರುವುದರಿಂದ ಒಂದಡಿ ಸಜ್ಜಾ ಸಾಕು, ಅಷ್ಟೇ.

ಸಜ್ಜಾ ಸೋಲುವುದು ಪಶ್ಚಿಮದಲ್ಲಿ. ಏಪ್ರಿಲ್ ಸಂಜೆ 5 ಗಂಟೆಗೆ ಎರಡಡಿ ಸಜ್ಜಾ ಕೊಡುವ ನೆರಳು ಮುಕ್ಕಾಲು ಅಡಿ. ಸೂರ್ಯ ಅಷ್ಟು ಕೆಳಗಿರುತ್ತಾನೆ, ನೇರವಾಗಿ ಒಳಗೆ ಬಂದು ಸೋಫಾ ಮೇಲೆ ಕೂರುತ್ತಾನೆ. ಅಲ್ಲಿಗೆ ಬೇಕಾದ್ದು ಅಡ್ಡಗೋಡೆ, ತೂತು ತೂತಿನ ಜಾಲಿ ಗೋಡೆ, ಇಲ್ಲವೇ ಒಂದು ಹೊಂಗೆ ಮರ. ಬುದ್ಧಿವಂತರು ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮ್ ಕೊಟ್ಟು ಮಲಗುವ ಕೋಣೆಯನ್ನು ಉಳಿಸಿಕೊಳ್ಳುತ್ತಾರೆ. ವ್ಯೂ ಬೇಕು ಅಂತ ಪಶ್ಚಿಮಕ್ಕೇ ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿ, ಆಮೇಲೆ ದಪ್ಪ ಪರದೆ ಎಳೆದುಕೊಳ್ಳುವವರೂ ಇದ್ದಾರೆ. ಪರದೆಯಿಂದ ಕಣ್ಣಿಗೆ ಆರಾಮ, ಕೋಣೆಗೆ ಅಷ್ಟಿಲ್ಲ. ಗಾಜು ದಾಟಿದ ಬಿಸಿಲು ಪರದೆಯನ್ನು ಕಾಯಿಸುತ್ತದೆ, ಪರದೆ ಕೋಣೆಯನ್ನು ಕಾಯಿಸುತ್ತದೆ. ಆ ಶಾಖ ವಾಪಸ್ಸು ಹೋಗಲು ಗಾಜು ಸುಲಭಕ್ಕೆ ಬಿಡುವುದಿಲ್ಲ. ಬಿಸಿಲನ್ನು ತಡೆಯುವುದಾದರೆ ಹೊರಗೇ ತಡೆಯಬೇಕು, ಹೊಸ್ತಿಲು ದಾಟಿದ ನೆಂಟರನ್ನು ಹೊರಗೆ ಕಳಿಸುವುದು ಎಷ್ಟು ಕಷ್ಟ ನೋಡಿ, ಹಾಗೇ.

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಕಿಟಕಿಯ ಮೇಲೊಂದು ವೆಂಟಿಲೇಟರ್ ಇರುತ್ತಿತ್ತು. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಹಗ್ಗ ಎಳೆದರೆ ತೆರೆದುಕೊಳ್ಳುವ ಗಾಜಿನದು, ಹಗ್ಗ ಕಿತ್ತುಹೋದರೆ ಅದು ಯಾವಾಗಲೂ ತೆರೆದೇ ಇರುತ್ತಿತ್ತು, ಇನ್ನೂ ಒಳ್ಳೆಯದು. ಈಗ ಎಲ್ಲ ಕಡೆ ಸರಿಸುವ ಕಿಟಕಿ. ಆರಡಿ ಕಿಟಕಿಗೆ ದುಡ್ಡು ಕೊಡುತ್ತೀರಿ, ತೆರೆಯುವುದು ಮೂರಡಿ. ಉಳಿದ ಮೂರಡಿಯಲ್ಲಿ ಎರಡು ಗಾಜು ಒಂದರ ಹಿಂದೊಂದು ನಿಂತಿರುತ್ತವೆ. ಬಾಗಿಲಿನ ಹಾಗೆ ಹೊರಗೆ ತೆರೆಯುವ ಕಿಟಕಿಯಾದರೆ ಆರಡಿಯ ಗಾಳಿ ಪೂರ್ತಿ ನಿಮ್ಮದು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರು ಇದು. ಎಂಥ ಬೇಸಿಗೆಯಲ್ಲೂ ಬಹುತೇಕ ರಾತ್ರಿ ಹತ್ತರ ಮೇಲೆ ತಂಪು ಗಾಳಿ ಪುಕ್ಕಟೆ ಸಿಗುತ್ತದೆ. ಒಳಗೆ ಬರಲು ಒಂದು ಕಿಟಕಿ, ಎದುರು ಗೋಡೆಯಲ್ಲಿ ಹೊರಗೆ ಹೋಗಲು ಇನ್ನೊಂದು, ಅಷ್ಟಾದರೆ ಸಾಕು. ಫ್ಯಾನು ಬೇಕಿದ್ದರೆ ಕಮ್ಮಿ ಕರೆಂಟಿನ ಬಿ.ಎಲ್.ಡಿ.ಸಿ. ಮೋಟರಿನದು ಹಾಕಿಸಿ, ಹಳೆಯದು 75 ವ್ಯಾಟ್ ತಿನ್ನುವ ಕಡೆ ಇದು 30ರ ಆಸುಪಾಸಿನಲ್ಲೇ ತಿರುಗುತ್ತದೆ.

ಬೆಂಗಳೂರಿಗರು ಮೆಚ್ಚಬೇಕಾದ ಒಂದು ಕೆಲಸ ಮಾಡಿದ್ದಾರೆ. ಮೆಟ್ರೋ ಮೇಲಿನಿಂದ ನೋಡಿದರೆ ತಾರಸಿ ತಾರಸಿಗೂ ಸೋಲಾರ್ ವಾಟರ್ ಹೀಟರ್. 2000 ವ್ಯಾಟಿನ ಗೀಸರ್ ಎಷ್ಟೋ ಮನೆಗಳಲ್ಲಿ ಮಳೆಗಾಲಕ್ಕೆ ಮಾತ್ರ ಉರಿಯುತ್ತದೆ. ಆದರೆ ಪ್ಲಾನ್ ಬರೆಯುವಾಗ ಹೀಟರ್ ಒಂದು ಮೂಲೆಗೆ, ಬಚ್ಚಲು ಇನ್ನೊಂದು ಮೂಲೆಗೆ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಪೈಪಿನೊಳಗಿನ ತಣ್ಣೀರೆಲ್ಲ ಖಾಲಿಯಾದ ಮೇಲೆ ಬಿಸಿನೀರು. ಅಷ್ಟರಲ್ಲಿ ಒಂದು ಬಕೆಟ್ ತುಂಬಿರುತ್ತದೆ. ತಾಳ್ಮೆ ಇದ್ದವರು ಅದನ್ನು ಗಿಡಕ್ಕೆ ಹಾಕುತ್ತಾರೆ, ಆಫೀಸಿಗೆ ಹೊತ್ತಾದವರು ಮೋರಿಗೆ ಬಿಡುತ್ತಾರೆ. ಆ ಬಕೆಟ್ ನೀರು ಎಲ್ಲಿಂದ ಬಂತು? ಕಾವೇರಿ ನೀರನ್ನು ಬೆಂಗಳೂರಿಗೆ ಪಂಪ್ ಮಾಡುವ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಹಂತದಲ್ಲಿ ಪಂಪ್ ಮಾಡಿಸಿಕೊಂಡು, 500 ಮೀಟರಿನಷ್ಟು ಮೇಲೇರಿ. ನಮ್ಮ ನೆಲದಡಿಯ ಸಂಪ್ ಟ್ಯಾಂಕಿಗೆ ಬಂದ ಮೇಲೆ ಓವರ್‌ಹೆಡ್ ಟ್ಯಾಂಕಿಗೆ ಇನ್ನೊಮ್ಮೆ ಹತ್ತಿದೆ. ಬಚ್ಚಲುಗಳನ್ನು ಒಂದರ ಮೇಲೊಂದು ಬರುವಂತೆ ಹಾಕಿ, ಅದರ ನೆತ್ತಿಗೇ ಹೀಟರ್ ಕೂರಿಸಿದ್ದರೆ ಮುಗಿಯುತ್ತಿತ್ತು. ಇದಕ್ಕೆ ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ. ವಾಸ್ತು ನೋಡುವವರು ಒಪ್ಪಬೇಕು, ಅದೊಂದು ಬೇರೆ ಕಥೆ.

ಮಳೆ ವಿಷಯಕ್ಕೆ ಬಂದರೆ, 1200 ಚದರಡಿ ತಾರಸಿ ಮೇಲೆ ವರ್ಷಕ್ಕೆ ಬೀಳುವ ನೀರು ಹತ್ತಿರ ಹತ್ತಿರ 1 ಲಕ್ಷ ಲೀಟರ್. ಎಷ್ಟೋ ಮನೆಗಳಲ್ಲಿ ಕೊಯ್ಲಿನ ಪೈಪು ಇನ್‌ಸ್ಪೆಕ್ಷನ್ ಮುಗಿಯುವವರೆಗೆ ಮಾತ್ರ ಡ್ರಮ್ಮಿಗೆ ಸೇರಿರುತ್ತದೆ.

ಗೋಡೆಗಳ ಬಗ್ಗೆ ಹೇಳದಿದ್ದರೆ ಹೇಗೆ. 1974ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಆಸ್ತ್ರ ಅಂತ ಒಂದು ಕೇಂದ್ರ ಶುರುವಾಯಿತು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡುವುದನ್ನು ಅಲ್ಲಿ ಪಳಗಿಸಿದರು. ಗೂಡು ಬೇಡ, ಸೌದೆ ಬೇಡ, ಸುಡುವುದೇ ಬೇಡ. ನಾವೋ, ಸಂಪು ಅಗೆದ ಕೆಮ್ಮಣ್ಣನ್ನು ಒಂದು ಲಾರಿಯಲ್ಲಿ ಆಚೆ ಕಳಿಸಿ, ಇನ್ನೊಂದು ಲಾರಿಯಲ್ಲಿ ಸಿಮೆಂಟ್ ಬ್ಲಾಕ್ ತರಿಸುತ್ತೇವೆ. ಎರಡು ಲಾರಿಗೂ ಬಾಡಿಗೆ ನಮ್ಮದೇ.

ಇಷ್ಟೆಲ್ಲ ಹೇಳಿದ ಮೇಲೂ 30-40 ಸೈಟಿನ ಒಂದು ಸತ್ಯ ಉಳಿಯುತ್ತದೆ. ನಿಮ್ಮ ಮನೆಯ ಬಿಸಿಲು, ಗಾಳಿ, ಬೆಳಕು ತೀರ್ಮಾನವಾಗುವುದು ನಿಮ್ಮ ಪ್ಲಾನಿನಲ್ಲಲ್ಲ, ಪಕ್ಕದವರ ಪ್ಲಾನಿನಲ್ಲಿ. ನಮ್ಮ ಪಶ್ಚಿಮಕ್ಕೆ ಖಾಲಿ ಸೈಟಿತ್ತು. ಅದರ ಬಿಸಿಲಿಗೆ ಬೈದುಕೊಂಡು ಬಿದಿರಿನ ತಟ್ಟಿ ಕಟ್ಟಿಸಿದ್ದೆವು. ಆಮೇಲೆ ಅಲ್ಲಿ ನಾಲ್ಕು ಮಹಡಿ ಎದ್ದಿತು. ಎರಡಡಿ ಸಜ್ಜಾ ಎಲ್ಲಿ, ನಲವತ್ತಡಿ ಗೋಡೆ ಎಲ್ಲಿ? ಬಿಸಿಲಿನ ಕಾಟ ಒಂದೇ ಸಲಕ್ಕೆ ತಪ್ಪಿತು. ಜೊತೆಗೆ ಮಧ್ಯಾಹ್ನ ಅಕ್ಕಿ ಆರಿಸಲೂ ಟ್ಯೂಬ್‌ಲೈಟ್ ಹಾಕುವ ಹಾಗಾಯಿತು. ಇಂಥ ಕಡೆ ಇರುವ ಒಂದೇ ಉಪಾಯ, ಎದುರು ಗೋಡೆಗೆ ಬಿಳಿ ಬಣ್ಣ. ಮೇಲಿಂದ ಇಳಿಯುವ ಬೆಳಕು ಅದಕ್ಕೆ ಬಡಿದು ಕಿಟಕಿಯೊಳಗೆ ಬರುತ್ತದೆ. ಆದರೆ ಗೋಡೆ ಅವರದು.

ಪಕ್ಕದ ಅಂಕಲ್‌ಗೆ ಎಲಿವೇಶನ್‌ಗೆ ಹೊಂದುವ ಚಾಕೊಲೇಟ್ ಬಣ್ಣವೇ ಸುತ್ತಲೂ ಬೇಕಿತ್ತು. "ಆ ಕಡೆ ಯಾರು ನೋಡ್ತಾರೆ ಅಂಕಲ್, ನಾವೇ ತಾನೇ" ಅಂದೆ. ಯೋಚನೆ ಮಾಡಿ ಹೇಳ್ತೀನಿ ಅಂದರು. ಬಣ್ಣದ ಖರ್ಚು ನಮ್ಮದು ಅಂದ ಮೇಲೆ ಯೋಚನೆ ಬೇಗ ಮುಗಿಯಿತು. ಈಗ ಹಗಲು ಲೈಟು ಬೇಡ. ಮೊನ್ನೆ ಗೇಟಿನ ಹತ್ತಿರ ಸಿಕ್ಕಾಗ ಅವರೇ ಕೇಳಿದರು, "ಹಿಂದ್ಗಡೆ ಗೋಡೆಗೂ ಹಾಗೇ ಒಂದು ಕೋಟ್ ಹೊಡೆಸಿಬಿಡ್ತೀರಾ?"