ಮೀನಿಗೊಂದು ಜೊತೆ

ಮೀನಿಗೆ ಬಿಳಿ ವೈನು, ಮಾಂಸಕ್ಕೆ ಕೆಂಪು ವೈನು. ವೈನ್ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಈ ಒಂದು ಮಾತು ಗೊತ್ತಿರುತ್ತದೆ. ಯಾಕೆ ಅಂತ ಕೇಳಿದರೆ ಮಾತ್ರ ಗೊತ್ತಿದ್ದವರೂ ಗಂಟಲು ಸರಿಮಾಡಿಕೊಳ್ಳುತ್ತಾರೆ. ಬೇಯಿಸಿದ ಮೀನಾದರೆ ಹೇಗೋ ಸುಧಾರಿಸಬಹುದು. ಜಪಾನಿನವರಂತೆ ಹಸಿಮೀನು ತಿನ್ನಲು ಕೂತಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಟೋಕಿಯೋದಲ್ಲಿ ಡಿಸೆಂಬರ್ ಬಂತೆಂದರೆ ಬೋನೆನ್‌ಕಾಯ್‌ಗಳ ಸುಗ್ಗಿ. ವರ್ಷದ ಕಿರಿಕಿರಿಯನ್ನೆಲ್ಲ ಮರೆಯುವ ನೆಪದಲ್ಲಿ ಆಫೀಸಿನವರು, ಗೆಳೆಯರು ಸೇರಿ ಉಂಡು ಕುಡಿಯುವ ಕೂಟ. ನಮ್ಮ ಗುಂಪಿನದು ನಿಶಿ-ಕಸಾಯ್‌ನ ಒಂದು ಪುಟ್ಟ ಫ್ಲ್ಯಾಟಿನಲ್ಲಿ ನಡೆಯುತ್ತದೆ. ಭಾರತೀಯರು ಜಾಸ್ತಿ ಇರುವ ಜಾಗ ಅದು, ತೊಗರಿಬೇಳೆಗೆ ಪರದಾಡಬೇಕಿಲ್ಲ. ನಿಯಮ ಇಷ್ಟೇ: ಮೀನು ಮನೆಯವರದು, ಬಾಟಲಿ ಬಂದವರದು. ಯಾರು ಏನು ತರುತ್ತಾರೆ ಅಂತ ಮೊದಲೇ ಹೇಳುವಂತಿಲ್ಲ. ಹಾಗಾಗಿ ಹೊಂದಾಣಿಕೆಯೆಲ್ಲ ಮೇಜಿನ ಮೇಲೇ ಆಗಬೇಕು.

ಈ ಸಲ ತಟ್ಟೆಯಲ್ಲಿ ಟ್ಯೂನಾ ಇತ್ತು, ಚಳಿಗಾಲದಲ್ಲಿ ಕೊಬ್ಬು ತುಂಬಿಕೊಳ್ಳುವ ಬುರಿ ಎಂಬ ಮೀನಿತ್ತು, ಹೊತಾತೆ ಎಂಬ ಚಿಪ್ಪಿನ ಬೆಳ್ಳಗಿನ ಮಾಂಸ ಇತ್ತು, ಇಕುರಾ ಅಂದರೆ ಸಾಲ್ಮನ್ ಮೊಟ್ಟೆ ಇತ್ತು. ಬಾಟಲಿಗಳ ಪೈಕಿ ಎಲ್ಲರ ಕಣ್ಣು ಹೋಗಿದ್ದು ಒಂದು ಕ್ಯಾಬರ್ನೆ ಸೊವಿನ್ಯೋನ್ ಮೇಲೆ. ವಿಮಾನ ನಿಲ್ದಾಣದಲ್ಲಿ ಕೊಂಡ ಕೆಂಪು ವೈನು, ಅಲ್ಲಿದ್ದದ್ದರಲ್ಲೆಲ್ಲ ದುಬಾರಿ. ಬೆಲೆಗೆ ಮರ್ಯಾದೆ ಕೊಟ್ಟು ಅದನ್ನೇ ಮೊದಲು ತೆರೆದೆವು.

ಕುಂದಾಪುರದ ಗೆಳೆಯ ಒಂದು ಚೂರು ಹೊತಾತೆ ಬಾಯಿಗೆ ಹಾಕಿಕೊಂಡು ಒಂದು ಗುಟುಕು ಕುಡಿದ. ಮುಖ ಕಿವುಚಿತು. "ಎಂತ ಮಾರಾಯ ಇದು, ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಾಯ್ತಲ್ಲ!"

ಅವನಿಗೆ ತಿಳಿಯದೆಯೇ ಸರಿಯಾದ ಕಡೆ ಬೆರಳಿಟ್ಟಿದ್ದ. ಮರ್ಸಿಯನ್ ಅಂತ ಜಪಾನಿನದೇ ಒಂದು ವೈನ್ ಕಂಪನಿ ಇದೆ. ಅಲ್ಲಿನ ಸಂಶೋಧಕರು ಇದೇ ಹೊತಾತೆ ಇಟ್ಟುಕೊಂಡು 38 ಕೆಂಪು ವೈನು, 26 ಬಿಳಿ ವೈನುಗಳ ರುಚಿ ನೋಡಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಯಲ್ಲಿ ಉಳಿಯುವ ಆ ಹೊಲಸು ವಾಸನೆಗೆ ಬಣ್ಣ ಕಾರಣವಲ್ಲ, ವೈನಿನಲ್ಲಿರುವ ಕಬ್ಬಿಣ ಕಾರಣ ಅಂತ ಗೊತ್ತಾಯಿತು. ಲೀಟರಿಗೆ 2 ಮಿಲಿಗ್ರಾಂ ದಾಟಿತೆಂದರೆ ಕಬ್ಬಿಣ ಮೀನಿನ ಕೊಬ್ಬನ್ನು ಕೆಣಕಿ ವಾಸನೆ ಎಬ್ಬಿಸುತ್ತದೆ. ಕಬ್ಬಿಣವನ್ನು ಕಟ್ಟಿಹಾಕುವ ರಾಸಾಯನಿಕ ಬೆರೆಸಿದರೆ ವಾಸನೆ ತಗ್ಗುತ್ತದೆ. ಕಬ್ಬಿಣ ಬರುವುದು ಮಣ್ಣಿನಿಂದ, ದ್ರಾಕ್ಷಿಯ ಮೇಲೆ ಕೂತ ಧೂಳಿನಿಂದ, ವೈನ್ ಮಾಡುವ ಯಂತ್ರಗಳಿಂದ. ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಜಾಸ್ತಿ, ಆದರೆ ಕಡಿಮೆ ಇರುವ ಕೆಂಪೂ ಉಂಟು. ತೊಂದರೆ ಏನೆಂದರೆ ಯಾವ ಬಾಟಲಿಯ ಚೀಟಿಯಲ್ಲೂ ಇದನ್ನು ಬರೆದಿರುವುದಿಲ್ಲ. ಓಕ್ ಪೀಪಾಯಿಯಲ್ಲಿ ಎಷ್ಟು ತಿಂಗಳಿತ್ತು, ಯಾವ ಗುಡ್ಡದ ಇಳಿಜಾರಿನಲ್ಲಿ ಬೆಳೆಯಿತು, ಎಲ್ಲ ಬರೆದಿರುತ್ತಾರೆ. ಬೇಕಾದದ್ದೊಂದು ಬಿಟ್ಟು!

ಸೋಯಾ ಸಾಸು ಬೇರೆ ಸುಮ್ಮನಿರುವುದಿಲ್ಲ. ಜಪಾನಿನವರು ಉಮಾಮಿ ಅನ್ನುವ ಆ ರುಚಿ ಬಾಯಲ್ಲಿದ್ದಾಗ ಒಗರು ವೈನು ಇನ್ನಷ್ಟು ಒಗರು, ಇನ್ನಷ್ಟು ಕಹಿ. ಆ ಬಾಟಲಿಯನ್ನು ಮೇಜಿನ ಅಂಚಿಗೆ ಸರಿಸಿದೆವು. ತಂದವನ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಆಮೇಲೆ ಶಾಬ್ಲಿ, ಊರಿನ ಹೆಸರನ್ನೇ ಹೊತ್ತ ಬಿಳಿ ವೈನು. ಫ್ರಾನ್ಸಿನ ಆ ಊರಿನ ಮಣ್ಣಿನಲ್ಲಿ 15 ಕೋಟಿ ವರ್ಷ ಹಳೆಯ ಪುಟ್ಟ ಆಯ್ಸ್ಟರ್ ಚಿಪ್ಪುಗಳಿವೆ, ಅದಕ್ಕೇ ಕಡಲೂಟಕ್ಕೆ ಅದು ಒಪ್ಪುತ್ತದೆ ಅಂತ ಕತೆ. ಮಣ್ಣಿನ ರುಚಿ ಬೇರಿನ ಮೂಲಕ ಹಾಗೆ ನೇರವಾಗಿ ಲೋಟಕ್ಕೆ ಬರುವುದಿಲ್ಲ ಅನ್ನುತ್ತಾರೆ ಭೂವಿಜ್ಞಾನಿಗಳು. ಬರದಿದ್ದರೆ ಬೇಡ, ಕತೆ ಚೆನ್ನಾಗಿದೆ. ವೈನೂ ಚೆನ್ನಾಗಿಯೇ ಇತ್ತು. ಅದರ ಹುಳಿ ಕೆಲಸ ಮಾಡುತ್ತದೆ ಅಷ್ಟೇ. ಕರಾವಳಿಯವರು ಬಂಗುಡೆಗೆ ಹುಳಿ ಹಾಕದೆ ಸಾರು ಮಾಡುತ್ತಾರಾ? ಹುಳಿ ಬಿದ್ದರೆ ಮೀನಿನ ವಾಸನೆ ತಗ್ಗುತ್ತದೆ ಅನ್ನುವುದು ಅಲ್ಲಿನ ಯಾವ ಅಡುಗೆಮನೆಗೂ ಹೊಸದಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನನ್ನ ಜಪಾನಿ ಸಹೋದ್ಯೋಗಿ ತಂದ ಬಾಟಲಿ. ಅವರು ಯಮನಾಶಿ ಕಡೆಯವರು, ಫುಜಿ ಪರ್ವತದ ಉತ್ತರದ ಸೀಮೆ. ಅಲ್ಲಿನ ಕತ್ಸುನುಮದಲ್ಲಿ ಕೋಶು ಅಂತ ಒಂದು ದ್ರಾಕ್ಷಿ. ಸಿಪ್ಪೆ ನಸುಗೆಂಪು, ವೈನು ಮಾತ್ರ ನೀರಿನಷ್ಟು ತಿಳಿ. ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ, ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಮಾಡುವಂತೆಯೇ. ಮಳೆ ಜಾಸ್ತಿ ಆದ್ದರಿಂದ ಒಂದೊಂದು ಗೊಂಚಲಿಗೂ ಕಾಗದದ ಟೋಪಿ ತೊಡಿಸುವವರಿದ್ದಾರೆ. ತೋಟದಲ್ಲಿ ನಿಂತು ಅಷ್ಟೂ ಟೋಪಿ ಕಟ್ಟುವ ತಾಳ್ಮೆಯನ್ನು ನೆನೆಸಿಕೊಂಡರೇ ನನಗೆ ಕತ್ತು ನೋಯುತ್ತದೆ.

ವೈನ್ ಕಲಿತು ಬನ್ನಿ ಅಂತ 1877ರಲ್ಲೇ ಆ ಊರಿನವರು ಇಬ್ಬರು ಹುಡುಗರನ್ನು ಫ್ರಾನ್ಸಿಗೆ ಹಡಗು ಹತ್ತಿಸಿದ್ದರು. ಟಕಾನೋ ಮಸನಾರಿ, ತ್ಸುಚಿಯಾ ರ್ಯೂಕೆನ್ ಅಂತ ಅವರ ಹೆಸರು. ಆದರೂ ಅಂತರರಾಷ್ಟ್ರೀಯ ವೈನ್ ಸಂಸ್ಥೆಯ ಪಟ್ಟಿಗೆ ಕೋಶು ದ್ರಾಕ್ಷಿಯ ಹೆಸರು ಸೇರಿದ್ದು 2010ರಲ್ಲಿ. ಕಾಯುವುದು ಆ ಊರಿಗೆ ಹೊಸದಲ್ಲ ಅನ್ನಿ.

ಕುಡಿದರೆ ಮೊದಲು ಏನೂ ಅನ್ನಿಸುವುದಿಲ್ಲ. ಒಂಚೂರು ಯೂಜು ನಿಂಬೆಯ ಘಮ, ಕೊನೆಯಲ್ಲಿ ಕಂಡೂ ಕಾಣದ ಕಹಿ. ಬರೀ ಅದನ್ನೇ ಕುಡಿದರೆ "ಇಷ್ಟೇನಾ?" ಅನ್ನಬಹುದು. ಬುರಿಯ ಚೂರು ತಿಂದು ಕುಡಿದಾಗ ನಾಲಿಗೆಯ ಮೇಲಿನ ಕೊಬ್ಬು ಹೋಯಿತು, ಮೀನಿನ ಸಿಹಿ ಉಳಿಯಿತು. ಹೊತಾತೆಯ ಜೊತೆಗೂ ಅಷ್ಟೇ. ಮೊಳೆ ಇಲ್ಲ, ತುಕ್ಕಿಲ್ಲ. ಕುಂದಾಪುರದವನು ಮಾತಾಡದೆ ಲೋಟ ಮುಂದೆ ಚಾಚಿದ. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವುದು ಇಲ್ಲಿ ಪದ್ಧತಿಯಲ್ಲ. ಪಕ್ಕದವರು ಸುರಿಯಬೇಕು. ಇದರಿಂದ ಸ್ನೇಹ ಬೆಳೆಯುತ್ತದೆ ಅನ್ನುತ್ತಾರೆ. ಎಷ್ಟು ಕುಡಿದೆವು ಅನ್ನುವ ಲೆಕ್ಕ ತಪ್ಪುವುದಂತೂ ನಿಜ.

ಇಕುರಾದ ಮುಂದೆ ಮಾತ್ರ ಕೋಶುವೂ ಸೋತಿತು. ಮೀನಿನ ಮೊಟ್ಟೆಗೂ ವೈನಿಗೂ ಆಗಿಬರುವುದು ಕಷ್ಟ. ಸಹೋದ್ಯೋಗಿ ನಕ್ಕು, ಒಳಗಿಟ್ಟಿದ್ದ ಸಾಕೆ, ಅಂದರೆ ಅಕ್ಕಿಯ ಮದ್ಯ, ತೆಗೆದರು. ಸಾಕೆ ಮಾಡುವ ನೀರಿನಲ್ಲಿ ಕಬ್ಬಿಣ ಲೀಟರಿಗೆ 0.02 ಮಿಲಿಗ್ರಾಂ ದಾಟಬಾರದು. ಮೀನನ್ನು ಕೆಡಿಸುವ ಮಟ್ಟದ ನೂರನೇ ಒಂದು ಪಾಲು! ಕಬ್ಬಿಣ ಬಿದ್ದರೆ ಸಾಕೆಯ ಬಣ್ಣ, ರುಚಿ ಎರಡೂ ಕೆಡುತ್ತವೆ ಅಂತ ಸಾಕೆ ಮಾಡುವವರು ಅದನ್ನು ದೂರ ಇಟ್ಟದ್ದು. ಅದರಿಂದ ಮೀನಿಗೂ ಲಾಭವಾಯಿತು.

ಹಾಗಾದರೆ ಸುಮ್ನೆ ಸಾಕೆಯನ್ನೇ ಕುಡಿಯಬಹುದಿತ್ತಲ್ಲ ಅನ್ನಬಹುದು. ಕುಡಿಯಬಹುದಿತ್ತು. ಆಗ ಜಗಳಕ್ಕೆ ವಿಷಯ ಎಲ್ಲಿರುತ್ತಿತ್ತು? ವೈನ್ ಹೊಂದಿಸುವ ಶಾಸ್ತ್ರದಲ್ಲಿ ಮುಕ್ಕಾಲು ಪಾಲು ಬಾಯಿಮಾತು ಅಂತಲೇ ನನ್ನ ಅಭಿಪ್ರಾಯ. ವಾಸಾಬಿ ಎಂಬ ಹಸಿರು ಖಾರವನ್ನು ಸ್ವಲ್ಪ ಜಾಸ್ತಿ ಮೆತ್ತಿಕೊಂಡು ಮೂಗಿಗೆ ಏರಿಸಿಕೊಂಡವನಿಗೆ ಯಾವ ವೈನೂ ಒಂದೇ. ಉಳಿದ ಕಾಲು ಪಾಲು, ಅಂದರೆ ಕಬ್ಬಿಣ, ಹುಳಿ, ಉಪ್ಪಿನ ಲೆಕ್ಕ, ಅದು ಗಟ್ಟಿ.

ಇಷ್ಟೆಲ್ಲ ನಡೆಯುವಾಗ ಮೈಸೂರಿನ ಗೆಳತಿ ಒಂದು ಬದಿಯಲ್ಲಿ ಕೂತಿದ್ದಳು. ಅವಳು ಸಸ್ಯಾಹಾರಿ. ಜಪಾನಿನಲ್ಲಿ ಅದೊಂದು ವ್ರತ. ತರಕಾರಿ ಸಾರು ಅಂದುಕೊಂಡರೆ ಅದಕ್ಕೆ ಹಾಕಿದ ದಾಶಿ ಎಂಬ ತಿಳಿರಸದಲ್ಲಿ ಒಣಮೀನು ಇರುತ್ತದೆ. ಹಾಗಾಗಿ ಬದನೆಕಾಯಿಗೆ ಸಿಹಿ ಮಿಸೋ, ಅಂದರೆ ಹುದುಗಿಸಿದ ಸೋಯಾ ಮುದ್ದೆ, ಸವರಿ ಸುಟ್ಟು ಡಬ್ಬಿಯಲ್ಲಿ ತಂದಿದ್ದಳು. ಸುಟ್ಟ ಬದನೆ, ಉಪ್ಪು, ಸಿಹಿ, ಎಣ್ಣೆ. ಅಂಚಿಗೆ ಸರಿಸಿದ್ದ ಕ್ಯಾಬರ್ನೆ ಅವಳ ಕೈಗೆ ಹತ್ತಿರವಿತ್ತು. ನಾವು ಇಕುರಾ ಬಗ್ಗೆ ವಾದ ಮಾಡುತ್ತಿದ್ದಷ್ಟು ಹೊತ್ತು ಅವಳು ಬದನೆ ತಿಂದಳು, ಅದನ್ನು ಕುಡಿದಳು. ಪದ್ಧತಿ ಮುರಿದು ತಾನೇ ಸುರಿದುಕೊಂಡಳು.

ನಾವು ತಿರುಗಿ ನೋಡುವಷ್ಟರಲ್ಲಿ ಬಾಟಲಿ ಅರ್ಧಕ್ಕಿಂತ ಕೆಳಗಿತ್ತು. ತಂದವನನ್ನು ಕರೆದು ಹೇಳಿದಳು: "ಏನ್ ಚೆನ್ನಾಗಿದೆಯೋ ಇದು! ಮುಂದಿನ ವರ್ಷನೂ ಇದನ್ನೇ ತಗೊಂಡ್ ಬಾ. ಇವರಿಗೆ ಕೊಡಬೇಡ."