ಸರ್ಟಿಫಿಕೇಟ್ ಬಾಡಿಗೆಗೆ ಇಲ್ಲ

"ಅಕ್ಕಾ, ರಿಟೈರ್ ಆಗ್ತಿದ್ದೀರಂತೆ. ನಿಮ್ಮ ಸರ್ಟಿಫಿಕೇಟ್ ಏನ್ ಮಾಡ್ತೀರಾ?"

ಬೆಳಗ್ಗೆ ಬಿಪಿ ಮಾತ್ರೆ ತರೋಕೆ ಹೋದಾಗ ನಮ್ಮ ಏರಿಯಾದ ಮೆಡಿಕಲ್ ಶಾಪಿನವನು ಕೇಳಿದ ಮೊದಲ ಪ್ರಶ್ನೆ ಇದು. ಇನ್ನೊಂದು ಅಂಗಡಿ ತೆರೆಯುತ್ತಾನಂತೆ. ಅದರ ಗೋಡೆಗೆ ಒಬ್ಬ ಫಾರ್ಮಸಿಸ್ಟ್ ಬೇಕಂತೆ. ಗೋಡೆಗೆ! ಅಂದರೆ ನನ್ನ ಫಾರ್ಮಸಿಸ್ಟ್ ಸರ್ಟಿಫಿಕೇಟ್ ತೂಗುಹಾಕೋಕೆ. "ನೀವು ದಿನಾ ಬರೋದೇ ಬೇಡ ಅಕ್ಕ. ಇನ್‌ಸ್ಪೆಕ್ಟರ್ ಬಂದ ದಿನ ಫೋನ್ ಮಾಡ್ತೀನಿ, ಬಂದು ಕೂತ್ಕೊಂಡ್ರೆ ಸಾಕು. ಆಟೋ ಖರ್ಚು ನಂದೇ." ಎಂಥಾ ದೊಡ್ಡ ಮನಸ್ಸು ನೋಡಿ.

ಅವನು ಈ ಮಾತು ಆಡುತ್ತಿರುವಾಗಲೇ ಅಂಗಡಿ ಹುಡುಗ ಗಂಟಲು ನೋವು ಅಂತ ಬಂದವಳಿಗೆ ಸೆಫಿಕ್ಸಿಮ್ ಅನ್ನೋ ಆ್ಯಂಟಿಬಯೋಟಿಕ್ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟ. ಡಾಕ್ಟರ್ ಚೀಟಿ ಕೇಳಲಿಲ್ಲ. ಅದು ಎಚ್1 ಪಟ್ಟಿಯ, ಅಂದರೆ ಮಾರೋಕೆ ಬಿಗಿ ನಿಯಮ ಇರುವ ಔಷಧ. ಡಾಕ್ಟರ್ ಹೆಸರು, ರೋಗಿ ಹೆಸರು, ಎಷ್ಟು ಕೊಟ್ಟೆವು ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು ಅಂತ 2014ರ ಮಾರ್ಚಿನಿಂದ ನಿಯಮ ಇದೆ. ಗೋಡೆಯ ಮೇಲೆ ಚೌಕಟ್ಟಿನೊಳಗೆ ಯಾರದೋ ಸರ್ಟಿಫಿಕೇಟ್ ಇತ್ತು. ಪಾಪ, ಆ ಮನುಷ್ಯ ಯಾವ ಊರಲ್ಲಿದ್ದಾರೋ.

ನಿಮಗೆಲ್ಲ ಗೊತ್ತಲ್ಲ, ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಮುಗಿಸಿದಾಗಿನಿಂದ ನಾನು ಆಸ್ಪತ್ರೆಯ ಫಾರ್ಮಸಿ ಕೌಂಟರ್ ಬಿಟ್ಟು ಕದಲಿದವಳಲ್ಲ. ಈಗ 58 ತುಂಬುತ್ತಿದೆ. ರಿಜಿಸ್ಟ್ರೇಷನ್ ಉಳಿಸಿಕೊಳ್ಳೋದಾ ಬಿಡೋದಾ ಅಂತ ಮನೆಯಲ್ಲಿ ಚರ್ಚೆ ನಡೆಯುತ್ತಲೇ ಇದೆ. ಫೀಸು ಕಟ್ಟಿದರೆ ರಾಜ್ಯ ಫಾರ್ಮಸಿ ಕೌನ್ಸಿಲ್ ರಿಜಿಸ್ಟರಿನಲ್ಲಿ ಹೆಸರು ಉಳಿಯುತ್ತದೆ, ಇಲ್ಲದಿದ್ದರೆ ತೆಗೆಯುತ್ತಾರೆ. 1948ರ ಫಾರ್ಮಸಿ ಕಾಯ್ದೆಯಲ್ಲೇ ಇದೆ. ಫೀಸು ದೊಡ್ಡದಲ್ಲ. ಆದರೆ ಹೆಸರು ಇರುವಷ್ಟು ದಿನ ಇಂಥವರು ಕೇಳುತ್ತಲೇ ಇರುತ್ತಾರೆ.

ಹೊರಗಿನವರು ಬಿಡಿ, ನನ್ನ ತಮ್ಮನೂ ಅದನ್ನೇ ಹೇಳುತ್ತಾನೆ. "ಸುಮ್ನೆ ಬೀರುವಿನಲ್ಲಿ ಇಡೋ ಬದಲು ಕೊಡಕ್ಕ, ತಿಂಗಳಾದ್ರೆ ದುಡ್ಡು ಬರತ್ತೆ. ಎಲ್ರೂ ಮಾಡ್ತಾರೆ." ಬೆಂಗಳೂರಿನ ಶ್ರೀನಗರದಲ್ಲಿ ಒಂದು ಸಿಂಗಲ್ ಬೆಡ್‌ರೂಮ್ ಮನೆ ಬಾಡಿಗೆಗೆ ಬಿಟ್ಟ ಹಾಗೆ ಅಂದುಕೊಂಡಿದ್ದಾನೆ.

ಅಪ್ಪಾ, ಮೆಥೊಟ್ರೆಕ್ಸೇಟ್ ಅಂತ ಒಂದು ಮಾತ್ರೆ ಇದೆ. ಕೀಲುವಾತಕ್ಕೆ ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ಜೊತೆಗೆ ಫೋಲಿಕ್ ಆ್ಯಸಿಡ್ ಬರೆದಿರುತ್ತಾರೆ. ಸಾಮಾನ್ಯವಾಗಿ ಎರಡೂ ಪುಟ್ಟ ಹಳದಿ ಮಾತ್ರೆಗಳೇ. ಅದಲುಬದಲಾಗಿ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದರೆ ಮೂಳೆಮಜ್ಜೆ ಸೊರಗುತ್ತದೆ, ಬಾಯೆಲ್ಲ ಹುಣ್ಣಾಗುತ್ತದೆ, ಜೀವವೇ ಹೋಗಬಹುದು. ಕೌಂಟರಿನಲ್ಲಿ ನಾನು ಕವರಿನ ಮೇಲೆ "ಸೋಮವಾರ ಮಾತ್ರ" ಅಂತ ದೊಡ್ಡದಾಗಿ ಬರೆದು, ಅಜ್ಜಿ ಬಾಯಲ್ಲೇ ಹೇಳಿಸಿ ಕಳಿಸುತ್ತಿದ್ದೆ. ಹಿಂದೆ ಕ್ಯೂನಲ್ಲಿ ನಿಂತವರು ಗೊಣಗುತ್ತಿದ್ದರು. ಗೊಣಗಲಿ. ಈ ಕೆಲಸವನ್ನು ಸರ್ಟಿಫಿಕೇಟಿನ ಮೇಲಿನ ನನ್ನ ಫೋಟೊ ಮಾಡುತ್ತಾ? ಚೀಟಿ ಔಷಧವನ್ನು ರಿಜಿಸ್ಟರ್ಡ್ ಫಾರ್ಮಸಿಸ್ಟ್ ಖುದ್ದು ನಿಂತು ನೋಡಿಕೊಂಡೇ ಕೊಡಬೇಕು ಅನ್ನುತ್ತದೆ 1945ರ ಔಷಧ ನಿಯಮ. ಚೌಕಟ್ಟು ನೋಡಿಕೊಂಡರೂ ನಡೆಯುತ್ತದೆ ಅಂತ ಎಲ್ಲೂ ಬರೆದಿಲ್ಲ.

ಸುಳ್ಳು ಹೇಳಲ್ಲ, ಆ ಅಂಗಡಿಯವನು ಹೇಳಿದ ಮೊತ್ತ ಕೇಳಿ ನನ್ನ ಮನಸ್ಸೂ ಒಂದು ಗಳಿಗೆ ಲೆಕ್ಕ ಹಾಕಿತು. ಖಾಸಗಿ ಆಸ್ಪತ್ರೆಯವರು ನಾವು. ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ನನಗೆ ಅದಕ್ಕಿಂತ ಜಾಸ್ತಿ ಬರುತ್ತದೆ, ಆದರೆ ಹೇಳಿಕೊಳ್ಳುವಷ್ಟಲ್ಲ. ನಮ್ಮವರ ಇನ್ಸುಲಿನ್ನಿಗೇ ಸಾಲದು. ದಾರಿಯುದ್ದಕ್ಕೂ ಆ ಮೊತ್ತ ತಲೆಯಲ್ಲಿ ಸುತ್ತುತ್ತಿತ್ತು. ಅದಕ್ಕೇ ಇಷ್ಟು ಸಿಟ್ಟು ಬಂದಿದೆ ಅನ್ಸುತ್ತೆ.

"ಚಿಕ್ಕ ಅಂಗಡಿಯವರು ಏನು ಮಾಡಬೇಕು, ಫಾರ್ಮಸಿಸ್ಟ್ ಸಿಗೋದೇ ಇಲ್ಲ" ಅನ್ನೋರೂ ಇದ್ದಾರೆ. ಸಿಗಲ್ವಾ? ಬೆಂಗಳೂರಿನಲ್ಲಿ ಎಷ್ಟು ಫಾರ್ಮಸಿ ಕಾಲೇಜುಗಳಿವೆ! ಓದಿದ ಮಕ್ಕಳು ಮೆಡಿಕಲ್ ಕೋಡಿಂಗ್ ಕಂಪನಿಗೆ ಹೋಗಿ ಕೂರುತ್ತಾರೆ. ಅಂಗಡಿಯಲ್ಲಿ ಕೊಡುವ ಸಂಬಳಕ್ಕೆ ಹನ್ನೆರಡು ಗಂಟೆ ನಿಲ್ಲೋಕೆ ಅವರಿಗೇನು ಹುಚ್ಚಾ? ಸಂಬಳ ಉಳಿಸೋಕೆ ಬಾಡಿಗೆ ಕೊಡುವುದು, ಆಮೇಲೆ ಜನ ಸಿಗಲ್ಲ ಅಂತ ಅಳುವುದು. ಚೆನ್ನಾಗಿದೆ.

ಕಾಲಿನ ನರಗಳು ಉಬ್ಬಿವೆ, ದಿನವಿಡೀ ನಿಲ್ಲೋಕಾಗಲ್ಲ. ಆದರೂ ಈ ಸಲ ಫೀಸು ಕಟ್ಟುತ್ತೇನೆ. ಸಂಜೆ ಹೊತ್ತು ನಾಲ್ಕು ಗಂಟೆಗಳ ಕಾಲ ಕೂತು ಕೆಲಸ ಮಾಡೋಕೆ ನಾನು ರೆಡಿ ಅಂತ ಆ ಅಂಗಡಿಯವನಿಗೂ ಹೇಳಿದೆ. ಒಂದು ಕುರ್ಚಿ ಬೇಕು. ಚೀಟಿ ಇಲ್ಲದೆ ಏನು ಕೊಡಬಹುದು, ಏನು ಕೊಡಬಾರದು ಅಂತ ನಾನೇ ಹೇಳುತ್ತೇನೆ. ನಾನೂ ಇಲ್ಲ, ಬೇರೆ ಫಾರ್ಮಸಿಸ್ಟೂ ಇಲ್ಲ ಅಂದರೆ ಆ ಹೊತ್ತಿನಲ್ಲಿ ಚೀಟಿ ಔಷಧ ಮಾರುವ ಹಾಗಿಲ್ಲ. "ನೋಡೋಣ ಅಕ್ಕ" ಅಂದು ಚಿಲ್ಲರೆ ಎಣಿಸೋಕೆ ಶುರು ಮಾಡಿದ. ಬೇರೆ ಯಾರೂ ಒಪ್ಪದಿದ್ದರೆ ಮುಂದಿನ ಸಲ ರಿನ್ಯೂವಲ್ ಮಾಡಿಸಲ್ಲ, ಹೆಸರು ತೆಗೆದುಹಾಕಲಿ.

ಹನುಮಂತನಗರ, ಗಿರಿನಗರ ಕಡೆ ಸಂಜೆ ಹೊತ್ತಿಗೆ ಫಾರ್ಮಸಿಸ್ಟ್ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಬರೀ ಸರ್ಟಿಫಿಕೇಟ್ ಬೇಕಾದವರು ದಯವಿಟ್ಟು ಬರಬೇಡಿ, ಬಯ್ಯುತ್ತೇನೆ.