ತಪ್ಪೇ ಮಾಡದವನು ಕ್ಷಮೆ ಯಾಕೆ ಕೇಳಬೇಕು?

ಮೇ 1, ಕಾರ್ಮಿಕರ ದಿನ, ಅಂದ್ರೆ ನಮಗೆ ರಜೆ. ಆ ದಿನದ ಹಿಂದೆ ಷಿಕಾಗೋದ ನಾಲ್ವರ ಗಲ್ಲು ಇದೆ ಅನ್ನೋದು ತುಂಬಾ ಜನಕ್ಕೆ ಗೊತ್ತು. ಆದರೆ ಗಲ್ಲಿಗೆ ಮುಂಚೆ ಗವರ್ನರ್ ಬಳಿ ಏನೇನು ನಡೆಯಿತು ಅನ್ನೋದರ ಬಗ್ಗೆ ನಾವು ಮಾತಾಡುವುದು ಕಡಿಮೆ. ನನ್ನನ್ನು ಕಾಡುವುದು ಆ ದಿನಗಳೇ.

1886ರ ಮೇ 4ರ ರಾತ್ರಿ ಷಿಕಾಗೋದ ಹೇಮಾರ್ಕೆಟ್‌ನಲ್ಲಿ ಕಾರ್ಮಿಕರ ಸಭೆ. ಪೊಲೀಸರು ಚದುರಿಸಲು ಬಂದಾಗ ಯಾರೋ ಬಾಂಬ್ ಎಸೆದರು. ಪೊಲೀಸರು ಸತ್ತರು, ಜನರೂ ಸತ್ತರು. ಎಸೆದವರು ಯಾರೆಂದು ಕೊನೆಗೂ ಸಾಬೀತಾಗಲಿಲ್ಲ. ಆದರೂ ಎಂಟು ಜನರನ್ನು ಅಪರಾಧಿಗಳೆಂದು ಹೇಳಿ ಏಳು ಜನಕ್ಕೆ ಗಲ್ಲು, ನೀಬಿ ಎಂಬುವರಿಗೆ 15 ವರ್ಷ ಜೈಲು. ಅವರ ಭಾಷಣ, ಅವರ ಬರಹ, ಅದೇ ಸಾಕ್ಷಿಯಾಯಿತು.

1887ರ ನವೆಂಬರ್ 2ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಕೈಬಿಟ್ಟಿತು. ಶಿಕ್ಷೆ ಇಳಿಸಬಲ್ಲವರಾಗಿ ಉಳಿದಿದ್ದು ಷಿಕಾಗೋ ಇರುವ ಇಲಿನಾಯ್ ರಾಜ್ಯದ ಗವರ್ನರ್ ರಿಚರ್ಡ್ ಓಗಲ್ಸ್‌ಬಿ ಒಬ್ಬರೇ. ಊರೂರಿಂದ ಅರ್ಜಿಗಳು ಬಂದವು. ಸಾಹಿತಿ ಹೋವೆಲ್ಸ್ ಪತ್ರಿಕೆಗೆ ಬರೆದು, ಗವರ್ನರನ್ನು ಕೇಳಿಕೊಳ್ಳಿ ಎಂದು ಜನರಿಗೆ ಹೇಳಿದರು. ಕಾರ್ಮಿಕ ನಾಯಕ ಗಾಂಪರ್ಸ್ ತಾವೇ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಮಾತಾಡಿದರು.

ಆದರೆ ಶಿಕ್ಷೆಯಾದವರೇ ಸಹಿ ಹಾಕಿ ದಯೆ ಕೇಳಬೇಕಿತ್ತು. ಫೀಲ್ಡನ್ ಮತ್ತು ಶ್ವಾಬ್ ಕೇಳಿದರು. ಸ್ಪೀಸ್ ಮೊದಲು ಕೇಳಿ, ಆಮೇಲೆ ಮನಸ್ಸು ಬದಲಿಸಿ, ನನ್ನೊಬ್ಬನ ಪ್ರಾಣ ತೆಗೆದುಕೊಂಡು ಉಳಿದವರನ್ನು ಬಿಡಿ ಎಂದು ಬರೆದರು. ಲಿಂಗ್, ಫಿಷರ್, ಎಂಗೆಲ್ ದಯೆ ಕೇಳಲಿಲ್ಲ. ಪಾರ್ಸನ್ಸ್ ಕೂಡ, ವಕೀಲ ಬ್ಲ್ಯಾಕ್ ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ತಪ್ಪೇ ಮಾಡದೆ ದಯೆ ಕೇಳಿದರೆ ತಪ್ಪು ಒಪ್ಪಿಕೊಂಡಂತೆ ಅಲ್ವಾ? ತಲೆಮರೆಸಿಕೊಂಡಿದ್ದ ಈ ಮನುಷ್ಯ, ವಿಚಾರಣೆ ಶುರುವಾದಾಗ ತಾನಾಗಿಯೇ ಕೋರ್ಟಿಗೆ ನಡೆದು ಬಂದಿದ್ದ ಎನ್ನುವುದನ್ನು ಮರೆಯಬೇಡಿ. ತಾನು ಒಬ್ಬನೇ ಉಳಿದುಕೊಂಡರೆ ಅರ್ಜಿ ಹಾಕದ ಮಿಕ್ಕವರು ಖಂಡಿತ ಸಾಯುತ್ತಾರೆ ಎಂಬ ಯೋಚನೆಯೂ ಅವನಿಗಿತ್ತು.

ಅವನು ಗವರ್ನರ್‌ಗೆ ಕಳಿಸಿದ ಪತ್ರ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ಸಭೆಯಲ್ಲಿ ಇದ್ದಿದ್ದೇ ಅಪರಾಧ ಅನ್ನುವುದಾದರೆ, ನನ್ನ ಹೆಂಡತಿ ಮಕ್ಕಳೂ ಅಲ್ಲಿದ್ದರು, ನನ್ನ ಗಲ್ಲನ್ನು ಮುಂದೂಡಿ, ಅವರ ವಿಚಾರಣೆಯೂ ಮುಗಿಯಲಿ, ಎಲ್ಲರೂ ಒಟ್ಟಿಗೆ ಗಲ್ಲಿಗೇರುತ್ತೇವೆ ಎಂದು ಬರೆದಿದ್ದ.

ಹಾಗಂತ ಫೀಲ್ಡನ್, ಶ್ವಾಬ್ ಅವರನ್ನು ಹೇಡಿಗಳು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಹೆಂಡತಿ ಮಕ್ಕಳಿದ್ದವರು, ಬದುಕಬೇಕು ಅನ್ನಿಸಿತು, ಕೇಳಿದರು. ಅದರಲ್ಲಿ ಏನು ತಪ್ಪಿದೆ? ನನಗೆ ಸಿಟ್ಟು ಇರುವುದು ಅವರನ್ನು ಬಗ್ಗಿಸಿದ ಆ ನಿಯಮದ ಮೇಲೆ.

ನವೆಂಬರ್ 10ರಂದು ಲಿಂಗ್ ಜೈಲಿನಲ್ಲೇ ಸಿಡಿಮದ್ದು ಸಿಡಿಸಿಕೊಂಡು ಸತ್ತ. ಅದೇ ದಿನ ಓಗಲ್ಸ್‌ಬಿ ಫೀಲ್ಡನ್, ಶ್ವಾಬ್ ಇಬ್ಬರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಮರುದಿನ ಪಾರ್ಸನ್ಸ್, ಸ್ಪೀಸ್, ಫಿಷರ್, ಎಂಗೆಲ್ ಅವರಿಗೆ ಗಲ್ಲಾಯಿತು.

1893ರ ಜೂನ್ 26ರಂದು ಹೊಸ ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಉಳಿದ ಮೂವರನ್ನು ಬಿಡುಗಡೆ ಮಾಡಿದರು. ಅವರು ಸುಮ್ನೆ ಕರುಣೆ ತೋರಿಸಿ ಕೈತೊಳೆದುಕೊಳ್ಳಬಹುದಿತ್ತು. ಬದಲಿಗೆ ಜೂರಿಯನ್ನು ಬೇಕಾದಂತೆ ಆರಿಸಿದ್ದರು, ನ್ಯಾಯಾಧೀಶರು ಪಕ್ಷಪಾತ ಮಾಡಿದರು, ಬಾಂಬ್ ಎಸೆದವನಿಗೂ ಇವರಿಗೂ ಸಂಬಂಧ ಸಾಬೀತಾಗಿಲ್ಲ ಎಂದು ಉದ್ದಕ್ಕೆ ಬರೆದರು. ಪತ್ರಿಕೆಗಳು ಅವರನ್ನು ಹಿಗ್ಗಾಮುಗ್ಗಾ ಬೈದವು. 1896ರ ಚುನಾವಣೆಯಲ್ಲಿ ಸೋತರು.

ಪಾರ್ಸನ್ಸ್ ಕೇಳಿದ್ದು ಇದನ್ನೇ, ನಾನು ತಪ್ಪು ಮಾಡಿಲ್ಲ ಅಂತ ಹೇಳಿ ಬಿಡಿ ಎಂದು. ಅದನ್ನು ಹೇಳುವ ಗವರ್ನರ್ ಬರುವಷ್ಟರಲ್ಲಿ ಅವನು ಸತ್ತು ಐದೂವರೆ ವರ್ಷ ಆಗಿತ್ತು. ಜೋಲಿಯೆಟ್ ಜೈಲಿನಿಂದ ಹೊರಗೆ ಬಂದದ್ದು ನೀಬಿ, ಮತ್ತೆ ಅವತ್ತು ಸಹಿ ಹಾಕಿದ್ದ ಆ ಇಬ್ಬರು.